ಹಾಜರಿ ಸಾಕು, ಹುಡುಗ ಬೇಡ

ದಸರಾ ರಜೆ ಮುಗಿದು ಶಾಲೆ ಶುರುವಾದ ವಾರ. ಹತ್ತನೇ ತರಗತಿಗೆ ವರ್ಗ ಸಮೀಕರಣದ ಲೆಕ್ಕ ಮಾಡಿಸುತ್ತಿದ್ದೆ. ಬೋರ್ಡಿನ ಮೇಲೆ ಮೈನಸ್ ಹಾಕಬೇಕಾದ ಕಡೆ ಪ್ಲಸ್ ಹಾಕಿಬಿಟ್ಟೆ. ಅವಸರದಲ್ಲಿ ಇಂಥ ತಪ್ಪು ನನ್ನಿಂದ ಆಗುತ್ತಿರುತ್ತದೆ. ಅದನ್ನು ಹಿಡಿಯುವ ಹುಡುಗನೊಬ್ಬ ಕಿಟಕಿ ಪಕ್ಕದ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ. ಕೈ ಎತ್ತುತ್ತಿರಲಿಲ್ಲ, ಎದ್ದು ನಿಲ್ಲುತ್ತಿರಲಿಲ್ಲ. "ಟೀಚರ್, ಮೈನಸ್" ಎಂದು ಮೆಲ್ಲಗೆ ಹೇಳಿ ಮತ್ತೆ ತನ್ನ ಪಾಡಿಗೆ ಬರೆಯುತ್ತಿದ್ದ. ಆ ದಿನ ಅವನು ಏನೂ ಹೇಳಲಿಲ್ಲ. ಲೆಕ್ಕ ಕೊನೆಗೆ ಬಂದು, ಉತ್ತರ ಕೂಡದೆ, ನಾನೇ ಹಿಂದಕ್ಕೆ ಹೋಗಿ ತಪ್ಪು ಹುಡುಕಿಕೊಂಡೆ.

ಮರುದಿನ ಬೇಕೆಂದೇ ಒಂದು ತಪ್ಪು ಮಾಡಿದೆ. ಅವನು ಬೋರ್ಡು ನೋಡಿದ. ಅವನ ಕಣ್ಣು ಸರಿಯಾಗಿ ಆ ಜಾಗಕ್ಕೇ ಹೋಗಿ ನಿಂತದ್ದನ್ನು ನಾನು ಕಂಡೆ. ನಂತರ ಅವನು ತಲೆ ತಗ್ಗಿಸಿ ಡೆಸ್ಕಿನ ಮೇಲೆ ಉಗುರಿನಿಂದ ಗೀಚುತ್ತ ಕೂತ. ತಪ್ಪು ಅವನಿಗೆ ಕಂಡಿತ್ತು. ಹೇಳಬೇಕೆಂದು ಅನ್ನಿಸುವುದು ಮಾತ್ರ ಅವನೊಳಗೆ ನಿಂತುಹೋಗಿತ್ತು.

ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ದಾಂಡೇಲಿ ಅಷ್ಟು ದೊಡ್ಡ ಊರಲ್ಲ. ಆಫ್ರಿಕಾ ಮೂಲದ ಸಿದ್ದಿ ಕುಟುಂಬದ ಹುಡುಗ. ತಂದೆತಾಯಿ ಹಳಿಯಾಳ ಕಡೆಯ ಹಳ್ಳಿಯೊಂದರಿಂದ ಬಂದು ಊರಂಚಿನಲ್ಲಿ ಬಾಡಿಗೆಗಿದ್ದರು. ತಂದೆ ಕಟ್ಟಡಗಳಿಗೆ ಸೆಂಟ್ರಿಂಗ್ ಕಟ್ಟುವವರು. ತಾಯಿ ಗಣೇಶಗುಡಿ ರಸ್ತೆಯ ರೆಸಾರ್ಟೊಂದರ ಅಡುಗೆಮನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ನಾನು ಅವನಿಗೆ ಗಣಿತ ಕಲಿಸುವವಳು, ಜೊತೆಗೆ ಆ ತರಗತಿಯ ಕ್ಲಾಸ್ ಟೀಚರ್.

ಸ್ಟಾಫ್ ರೂಮಿನಲ್ಲಿ ಕೇಳಿದಾಗ ಎಲ್ಲರಿಗೂ ವಿಷಯ ಗೊತ್ತಿತ್ತು. ಗೊತ್ತಿತ್ತು ಎನ್ನುವುದಕ್ಕಿಂತ, ಎಲ್ಲರ ಬಳಿಯೂ ಉತ್ತರ ತಯಾರಿತ್ತು. ವಿಜ್ಞಾನದ ಮಾಸ್ತರು, "ಮೊಬೈಲ್ ಮೇಡಂ, ಮತ್ತೇನಲ್ಲ. ರಾತ್ರಿಯೆಲ್ಲಾ ನೋಡ್ತಾರ, ಹಗಲೆಲ್ಲಾ ತೂಕಡಸ್ತಾರ" ಎಂದರು. ಆ ಹುಡುಗನ ಮನೆಯಲ್ಲಿದ್ದದ್ದು ತಂದೆಯದೊಂದು ಬಟನ್ ಫೋನು, ಅದೂ ಹಗಲೆಲ್ಲ ಅವರ ಜೇಬಿನಲ್ಲೇ ಇರುತ್ತಿತ್ತು. ದೈಹಿಕ ಶಿಕ್ಷಕರ ವಾದ ಬೇರೆಯಿತ್ತು.

"ಅವನ ಮೈಕಟ್ಟು ನೋಡ್ರಿ. ಅವರ ಮಂದಿ ಓಡಾಕ ಹುಟ್ಟಿದವರು. ಗ್ರೌಂಡಿಗೆ ಬಾ ಅಂದ್ರ ಬರೂದಿಲ್ಲ. ದಿನಾ ನಾಕು ರೌಂಡ್ ಓಡಿಸ್ರಿ, ಎಲ್ಲಾ ಸರಿ ಹೋಗ್ತೈತಿ."

"ಅವಗ ಓಟ ಇಷ್ಟ ಇಲ್ಲ ಸರ್. ಲೆಕ್ಕ ಇಷ್ಟ" ಎಂದೆ.

"ಇಷ್ಟ ಏನ್ ಬಂತ್ರಿ ಅದರಾಗ?" ಎಂದರು ಅವರು. ಕೆಟ್ಟ ಮನುಷ್ಯರಲ್ಲ. ಅವನಿಗೆ ತಮ್ಮ ಕೈಯಿಂದಲೇ ಶೂ ಕೊಡಿಸಲು ಹೊರಟಿದ್ದವರು. ಆದರೆ ಅವನ ಚರ್ಮ, ಕೂದಲು ಕಂಡ ಕೂಡಲೇ ಅವರಿಗೆ ಓಟ ಬಿಟ್ಟು ಬೇರೇನೂ ಹೊಳೆಯುತ್ತಿರಲಿಲ್ಲ.

ಅದಕ್ಕೆ ಸ್ವಲ್ಪ ಮೊದಲು ಹಳಿಯಾಳದಲ್ಲಿ ನನಗೆ ಒಂದು ದಿನದ ತರಬೇತಿಯಾಗಿತ್ತು. ಪ್ರೌಢಶಾಲೆಗೊಬ್ಬರಂತೆ ಶಿಕ್ಷಕರನ್ನು ಕರೆಸಿ, ಮಕ್ಕಳ ಮನಸ್ಸಿನ ಆರೋಗ್ಯವನ್ನು ಹೇಗೆ ಗಮನಿಸಬೇಕೆಂದು ಹೇಳಿಕೊಟ್ಟಿದ್ದರು. ಮಗುವಿನ ನಡವಳಿಕೆಯಲ್ಲಿ ಬದಲಾವಣೆ ಕಂಡರೆ ಒಂಟಿಯಾಗಿ ಮಾತನಾಡಿಸಿ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿ. ಅಪಾಯವಿದೆ ಅನ್ನಿಸಿದರೆ ಒಬ್ಬನನ್ನೇ ಬಿಡಬೇಡಿ. ಪಾಲಕರಿಗೆ, ಮುಖ್ಯೋಪಾಧ್ಯಾಯರಿಗೆ ತಿಳಿಸಿ, ವೈದ್ಯರ ಬಳಿ ಕಳಿಸಿ. ಆ ನೇರ ಪ್ರಶ್ನೆಯನ್ನು ನಾವು ಪಕ್ಕದವರ ಮೇಲೆ ಪ್ರಯೋಗ ಮಾಡಿದ್ದೆವು. ನನ್ನ ಪಕ್ಕದಲ್ಲಿದ್ದದ್ದು ಮುಂಡಗೋಡ ಕಡೆಯ ಹಿಂದಿ ಶಿಕ್ಷಕರೊಬ್ಬರು. ನಾನು ಕೇಳಿದ್ದಕ್ಕೆ ಅವರು ನಕ್ಕು, "ಸದ್ಯ ಊಟದ ಯೋಚನಿ ಒಂದs ಐತ್ರಿ" ಎಂದಿದ್ದರು. ಎಲ್ಲರೂ ನಕ್ಕಿದ್ದೆವು.

ನಾನು ಅವನನ್ನು ಮಾತನಾಡಿಸಿದ್ದು ಆಟದ ಪಿರಿಯಡ್ಡಿನಲ್ಲಿ. ಬೇರೆ ಮಕ್ಕಳು ಮೈದಾನದಲ್ಲಿದ್ದರು. ಅವನು ತರಗತಿಯಲ್ಲಿ ಒಬ್ಬನೇ ಕೂತಿದ್ದ. ಬಾಗಿಲು ತೆರೆದೇ ಇಟ್ಟು, ಅವನ ಮುಂದಿನ ಬೆಂಚಿನ ಮೇಲೆ ಕೂತೆ. ಊಟ ಮಾಡಿದೆಯಾ ಎಂದೆ. ಹೂಂ ಎಂದ. ನಿದ್ದೆ ಬರುತ್ತದೆಯಾ ಎಂದೆ. ಡೆಸ್ಕಿನ ಮೇಲಿನ ಗೀಚನ್ನು ಉಗುರಿನಿಂದ ಮತ್ತೆ ಕೆರೆದ.

"ಬೋರ್ಡಿನ ಮ್ಯಾಲೆ ತಪ್ಪು ಬರದಿದ್ದೆ. ನಿನಗ ಕಂಡಿತ್ತು. ಯಾಕ ಹೇಳಲಿಲ್ಲ?"

"ಹೇಳಿ ಏನ್ ಆಗ್ತೈತ್ರಿ ಟೀಚರ್?"

ಎದುರುತ್ತರದ ಧ್ವನಿಯಲ್ಲ ಅದು. ಅವನಿಗೆ ನಿಜಕ್ಕೂ ತಿಳಿಯದೆ ಕೇಳಿದಂತಿತ್ತು. ಯಾರಾದರೂ ಏನಾದರೂ ಅಂದರಾ ಎಂದು ಕೇಳಿದೆ. ಅನ್ನುತ್ತಾರೆ, ಅದು ಮೊದಲಿನಿಂದಲೂ ಇದ್ದದ್ದೇ ಎಂದ. ಮನೆಯಲ್ಲಿ ಜಗಳವೇ ಎಂದರೆ ಇಲ್ಲ ಎಂದ. ಕಾರಣ ಹುಡುಕಿ ಹುಡುಕಿ ನಾನೇ ಸೋತೆ. ಕೊನೆಗೆ ಅವನೇ ಹೇಳಿದ:

"ಮುಂಜಾನಿ ಎಚ್ಚರ ಆಗ್ತೈತಲ್ರಿ, ಆಗ ಬ್ಯಾಸರ ಆಗ್ತೈತಿ. ಯಾಕರ ಎಚ್ಚರ ಆತು ಅನಸ್ತೈತಿ. ಎಚ್ಚರ ಆಗದs ಇದ್ದಿದ್ರ ಚಲೋ ಇತ್ತು ಅಂತ."

ತರಬೇತಿಯಲ್ಲಿ ನಗುತ್ತ ಕೇಳಿದ್ದ ಪ್ರಶ್ನೆಯನ್ನು ಈಗ ಕೇಳಬೇಕಿತ್ತು. ಹದಿನೈದು ವರ್ಷದ ಹುಡುಗನಿಗೆ ಈ ಮಾತನ್ನು ಹೇಗೆ ಕೇಳುವುದು? ಕೇಳಿದೆ.

"ಸಾಯಬೇಕು ಅನ್ನೂ ವಿಚಾರ ಬರ್ತೈತೇನಪ್ಪಾ?"

ಅವನು ನನ್ನ ಮುಖ ನೋಡಿದ. ಎಷ್ಟೋ ದಿನಗಳ ಮೇಲೆ ಮೊದಲ ಸಲ ನೇರವಾಗಿ ನೋಡಿದ್ದು. "ಬರ್ತೈತ್ರಿ" ಎಂದ. ಆಮೇಲೆ ಅತ್ತ. ಅಳು ಎಂದರೆ ಸದ್ದಿಲ್ಲ, ಹೆಗಲು ಮಾತ್ರ ಅಲುಗುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಹೇಳಿದೆ: "ಇದನ್ನ ನಾ ಒಬ್ಬಾಕಿನs ಇಟ್ಕೊಳ್ಳಾಕ ಆಗೂದಿಲ್ಲ. ನಿಮ್ಮ ಅವ್ವಗ ಹೇಳಬೇಕು, ಹೆಡ್ ಮಾಸ್ತರಿಗೆ ಹೇಳಬೇಕು. ಇಬ್ಬರಿಗೇ. ಡಾಕ್ಟರ್ ಹತ್ರ ಹೋಗೂಣು."

"ಹೇಳ್ರಿ" ಎಂದ. "ಹುಡುಗರಿಗೆ ಗೊತ್ತಾಗಬಾರದ್ರಿ ಟೀಚರ್."

ಗೊತ್ತಾಗುವುದಿಲ್ಲ ಎಂದೆ. ನನಗೆ ಅದರಲ್ಲಿ ಸಂಶಯವೇ ಇರಲಿಲ್ಲ.

ತಾಯಿಗೆ ಫೋನ್ ಮಾಡಿಸಿದೆ. ರೆಸಾರ್ಟಿನಿಂದ ಬರುವಷ್ಟರಲ್ಲಿ ಶಾಲೆ ಬಿಡುವ ಹೊತ್ತಾಗಿತ್ತು. ಅಲ್ಲಿಯವರೆಗೆ ಅವನನ್ನು ನನ್ನ ಜೊತೆಗೇ ಇಟ್ಟುಕೊಂಡಿದ್ದೆ. ತಾಯಿಯ ಕೈಯಲ್ಲಿ ಇನ್ನೂ ಈರುಳ್ಳಿಯ ವಾಸನೆಯಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ ಆಕೆ ಬಾಯಿ ಮಾಡಲಿಲ್ಲ. "ರೊಟ್ಟಿ ಹಾಂಗs ಬಿಡ್ತಾನ್ರಿ ಅಕ್ಕೋರ. ನನಗ ಏನೋ ಅನಿಸಿತ್ತು" ಎಂದರು. ಇಂದಿನಿಂದ ಒಬ್ಬನನ್ನೇ ಬಿಡಬೇಡಿ, ರಾತ್ರಿ ನಿಮ್ಮ ಹತ್ತಿರವೇ ಮಲಗಿಸಿಕೊಳ್ಳಿ ಎಂದು ಹೇಳಿಕೊಟ್ಟೆ. ತಲೆಯಾಡಿಸಿ, ಮಗನ ಬ್ಯಾಗು ತಾವೇ ಹೆಗಲಿಗೆ ಹಾಕಿಕೊಂಡು ಹೋದರು.

ನಂತರ ಮುಖ್ಯೋಪಾಧ್ಯಾಯರ ಕೋಣೆಗೆ ಹೋದೆ. ಹೇಳಿಕೊಟ್ಟ ಕ್ರಮದಲ್ಲೇ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ನೀವು ಕೇಳಬಾರದಿತ್ತು."

"ಕೇಳ್ರಿ ಅಂತs ಹೇಳಿಕೊಟ್ಟಾರ ಸರ್."

"ಹೇಳಿಕೊಡೂ ಮಂದಿ ಹೇಳಿ ಹೋಗ್ತಾರ. ಕೇಳಿದ್ರಿ, ಅಂವ ಹೇಳಿದ, ಈಗ ನಮಗ ಗೊತ್ತಾತು. ನಾಳೆ ಏನರ ಆದ್ರ, ಗೊತ್ತಿದ್ದೂ ಏನ್ ಮಾಡಿದ್ರಿ ಅಂತ ನನ್ನ ಕೇಳ್ತಾರ. ಗೊತ್ತಿಲ್ಲದs ಇದ್ದಿದ್ರ ಯಾರೂ ಕೇಳತಿದ್ದಿಲ್ಲ."

ಈ ಮಾತನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಆಡಳಿತದ ಒಂದು ಸರಳ ಪಾಠವನ್ನು ಕಿರಿಯಳಿಗೆ ತಿಳಿಸಿ ಹೇಳುವ ಹಾಗೆ ಹೇಳಿದರು. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲ ಶಿಕ್ಷಕರನ್ನೂ ಸೇರಿಸಿ, ಹುಡುಗನ ಹೆಸರು ಹೇಳಿ, ಅವನ ಮೇಲೆ ಒಂದು ಕಣ್ಣಿಡಿ, ಯಾರೂ ಬೈಯಬೇಡಿ, ಹೊಡೆಯಬೇಡಿ, ಏನಾದರೂ ಮಾಡಿಕೊಂಡಾನು ಎಂದುಬಿಟ್ಟರು. ಸ್ಟಾಫ್ ರೂಮಿನ ಬಾಗಿಲಲ್ಲಿ ಹಾಜರಿ ಪುಸ್ತಕ ಒಯ್ಯಲು ಬಂದ ಎಂಟನೇ ತರಗತಿಯ ಹುಡುಗಿಯರಿಬ್ಬರು ನಿಂತಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಶಾಲೆಗೆಲ್ಲ ಗೊತ್ತಾಗಿತ್ತು. ಸಂಜೆ ಅವನು ನನ್ನೆದುರು ಬಂದಾಗ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಒಂದು ಸಲ ನೋಡಿ ಪಕ್ಕಕ್ಕೆ ಸರಿದು ಹೋದ.

ಆ ಹುಡುಗ ಶಾಲೆಯಲ್ಲಿರುವುದು ಬೇಡ ಎಂದು ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಂದ ಮುಖ್ಯೋಪಾಧ್ಯಾಯರಿಗೆ ಫೋನು ಬಂತು. ಹತ್ತನೇ ತರಗತಿಯ ಪರೀಕ್ಷೆಗೆ ಹೆಸರು ನೋಂದಣಿಯಾಗಿತ್ತು, ಆದ್ದರಿಂದ ಟಿ.ಸಿ. ಕೊಟ್ಟು ಕಳಿಸುವ ಹಾಗಿರಲಿಲ್ಲ. ಅವರು ಕಂಡುಕೊಂಡ ದಾರಿ ಬೇರೆ. ತಂದೆಯನ್ನು ಕರೆಸಿದರು. ಕೆಲಸದ ಅಂಗಿಯಲ್ಲೇ ಬಂದಿದ್ದರು, ತೋಳಿಗೆ ಸಿಮೆಂಟಿನ ಹುಡಿ ಅಂಟಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಿಮ್ಮ ಹುಡುಗಗ ವಿಶ್ರಾಂತಿ ಬೇಕು" ಎಂದರು ಮುಖ್ಯೋಪಾಧ್ಯಾಯರು. "ಮನಿಯಾಗ ಇಟ್ಕೋರಿ. ಹಾಜರಿ ನಾವು ಹಾಕ್ತೇವಿ, ಅದರ ಚಿಂತಿ ಬಿಡ್ರಿ. ಪರೀಕ್ಷಾಕ್ಕ ಬಂದು ಬರದು ಹೋಗ್ಲಿ."

ತಂದೆ ಕೈ ಮುಗಿದರು. "ದೊಡ್ಡ ಉಪಕಾರ ಆತ್ರಿ ಸಾಹೇಬ್ರ" ಎಂದರು. ಶಾಲೆ ತಮ್ಮ ಮಗನನ್ನು ಹೊರಗೆ ಹಾಕುತ್ತಿದೆ ಎಂಬುದು ಆ ಮನುಷ್ಯನಿಗೆ ಹೊಳೆಯಲಿಲ್ಲ. ಮುಗಿದ ಕೈಯನ್ನು ಬಾಗಿಲು ದಾಟುವವರೆಗೂ ಇಳಿಸಲಿಲ್ಲ. ನಾನು ಅಲ್ಲೇ ನಿಂತಿದ್ದೆ. ಅವರು ಹೋದ ಮೇಲೆ ಮುಖ್ಯೋಪಾಧ್ಯಾಯರು ನನ್ನ ಕಡೆ ತಿರುಗಿ, ದಿನಾ ಅವನ ಹೆಸರಿನ ಮುಂದೆ ಹಾಜರಿ ಹಾಕಿಕೊಂಡು ಹೋಗಿ ಎಂದರು.

ಆ ವಾರ ನಾನು ಹಾಕಿದೆ. ಮೊದಲು ವೈದ್ಯರನ್ನು ಕಾಣಿಸೋಣ, ಉಳಿದದ್ದು ಆಮೇಲೆ ಎಂದುಕೊಂಡೆ. ಸಮೀಪದ ಸರ್ಕಾರಿ ಆಸ್ಪತ್ರೆಗೆ ನಿಗದಿಯಾದ ದಿನ ಮನೋವೈದ್ಯರು ಬರುತ್ತಾರೆಂದು ವಿಚಾರಿಸಿ ತಾಯಿ, ಮಗ ಇಬ್ಬರನ್ನೂ ಕರೆದುಕೊಂಡು ಹೋದೆ. ಆ ದಿನ ವೈದ್ಯರು ಬಂದಿರಲಿಲ್ಲ. ಚೀಟಿ ಬರೆಯುವವರು ಮುಂದಿನ ಸಲ ಬನ್ನಿ ಎಂದರು. ಮುಂದಿನ ಸಲ ಎಂದರೆ ಯಾವಾಗ ಎಂಬುದನ್ನು ಅವರೂ ಖಚಿತವಾಗಿ ಹೇಳಲಿಲ್ಲ. ಮಾನಸಿಕ ಆರೋಗ್ಯದ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ತಾಳ್ಮೆಯಿಂದ ಎಲ್ಲ ಕೇಳಿ, ಕಾಯಬೇಡಿ, ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದಳು.

ನಮ್ಮ ಕಡೆ 'ಧಾರವಾಡಕ್ಕೆ ಕಳಿಸೋದು' ಎಂದರೆ ಬೇರೆಯದೇ ಅರ್ಥ. ತರಗತಿಯಲ್ಲಿ ಯಾರಾದರೂ ಪೆದ್ದು ಪೆದ್ದಾಗಿ ಮಾತಾಡಿದರೆ ಮಕ್ಕಳು 'ಧಾರವಾಡದ ಬಸ್ ಹತ್ತಿಸ್ರಿ ಟೀಚರ್' ಎಂದು ನಗುತ್ತಾರೆ. ತಾಯಿಗೆ ಹೇಳಿದಾಗ ಆಕೆ ಸೆರಗು ಬಾಯಿಗೆ ಒತ್ತಿ ಹಿಡಿದರು.

"ಅವರಪ್ಪ ಒಪ್ಪೂದಿಲ್ರಿ ಅಕ್ಕೋರ. ಹುಚ್ಚಾಸ್ಪತ್ರಿ ಅದು ಅಂತಾನ. ಚರ್ಚಿಗೆ ಕರ್ಕೊಂಡು ಹೋಗಿದ್ವಿ. ಫಾದರ್ ಪ್ರಾರ್ಥನೆ ಮಾಡಿದ್ರು. ಆಮ್ಯಾಲೆ ಅವರೂ ಅಂದ್ರು, ಡಾಕ್ಟರ್ ಹತ್ರ ಹೋಗ್ರಿ, ತಡ ಮಾಡಬ್ಯಾಡ್ರಿ ಅಂತ."

"ಹಂಗಾರ ಹೋಗೂಣಲ್ಲ?"

ಆಕೆ ಸೆರಗು ಬಿಟ್ಟು ನನ್ನ ಕಡೆ ನೋಡಿದರು. "ನೀವು ಸಂಗಾಟ ಬರ್ತೀರೇನು?" ಎಂದು ಕೇಳಿದರು.

ರಜೆ ಹಾಕಿ ಹೋದೆ. ಎಲ್ಲಿಗೆ ಎಂದು ಶಾಲೆಗೆ ತಿಳಿಸಲಿಲ್ಲ. ಮುಂಜಾನೆಯ ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ, ತಾಯಿ ನಡುವೆ, ನಾನು ಈಚೆ ತುದಿಗೆ. ಬಸ್ಸು ಹಳಿಯಾಳ ದಾಟಿತು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿದ್ದಾಗ ಅವನು ತಾಯಿಯ ಆಚೆಯಿಂದ ಬಗ್ಗಿ ನನ್ನನ್ನು ಕೇಳಿದ:

"ಟೀಚರ್, ನನ್ನ ಅಲ್ಲೇ ಬಿಟ್ಟು ಬರ್ತೀರೇನ್ರಿ?"

ತಾಯಿ ಅವನ ತಲೆಯನ್ನು ಎದೆಗೆ ಒತ್ತಿಕೊಂಡರು. "ಬಿಟ್ಟು ಬರಾಕ ಕರ್ಕೊಂಡು ಹೊಂಟೇನೇನೋ ಮಗನ? ಸಂಜಿಗೆ ಮನಿಯಾಗ ಇರ್ತೀವಿ" ಎಂದರು. ನಾನು ಕಿಟಕಿಯ ಹೊರಗೆ ನೋಡಿದೆ. ಹುಡುಗ ಎಷ್ಟು ದಿನದಿಂದ ಈ ಪ್ರಶ್ನೆ ಹೊತ್ತುಕೊಂಡಿದ್ದನೋ.

ಆಸ್ಪತ್ರೆಯಲ್ಲಿ ಸಾಲು ಉದ್ದವಿತ್ತು. ಸಾಲಿನಲ್ಲಿದ್ದವರು ನಮ್ಮಂಥವರೇ; ಹೊಲದವರು, ಅಂಗಡಿಯವರು, ಮದುವೆಯಾದ ಮಗಳ ಕೈ ಹಿಡಿದು ನಿಂತ ತಂದೆ. ಅವನು ಅವರನ್ನೆಲ್ಲ ಒಂದೊಂದಾಗಿ ನೋಡಿದ. ಯಾರೂ ಕೂಗಾಡುತ್ತಿರಲಿಲ್ಲ, ಯಾರನ್ನೂ ಕಟ್ಟಿರಲಿಲ್ಲ. ಅವನ ಹೆಗಲು ಸ್ವಲ್ಪ ಸಡಿಲಾಯಿತು. ವೈದ್ಯೆ ಚಿಕ್ಕ ವಯಸ್ಸಿನವರು. ಮೊದಲು ಅವನೊಬ್ಬನನ್ನೇ ಒಳಗೆ ಕರೆದು ಮಾತನಾಡಿಸಿದರು, ನಂತರ ತಾಯಿಯನ್ನು, ಕೊನೆಗೆ ನನ್ನನ್ನು.

"ಇದು ಖಿನ್ನತೆ. ಕಾಯಿಲೆ. ಸೋಮಾರಿತನವಲ್ಲ, ನಾಟಕವಲ್ಲ. ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು. ಮೊದಮೊದಲು ನಿದ್ದೆ, ಮಂಕು ಇರುತ್ತದೆ, ಹೆದರಿ ನಿಲ್ಲಿಸಬೇಡಿ. ಮನೆಯವರ ಕಣ್ಣು ಅವನ ಮೇಲಿರಲಿ. ಮಾತ್ರೆ ತಾಯಿಯ ಕೈಯಲ್ಲೇ ಇರಲಿ. ಶಾಲೆಗೆ ಬರುತ್ತಿದ್ದಾನಾ?"

ನಾನು ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು.

"ಮನೆಯಲ್ಲಿ ಹಗಲು ಯಾರಿರುತ್ತಾರೆ?"

ಯಾರೂ ಇರುವುದಿಲ್ಲ ಎಂದರು ತಾಯಿ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಈಗ ಪಕ್ಕದ ಮನೆಯ ಮುದುಕಿಗೆ ಹೇಳಿ ಬರುತ್ತೇನೆ ಎಂದರು.

"ಹಾಗಾದರೆ ನಿಮ್ಮ ಶಾಲೆಯವರು ಈ ಹುಡುಗನನ್ನು ದಿನವಿಡೀ ಒಂಟಿಯಾಗಿ ಕೂರಿಸಿದ್ದಾರೆ" ಎಂದರು ವೈದ್ಯೆ, ನನ್ನನ್ನೇ ನೋಡುತ್ತ. "ಇವನು ಶಾಲೆಗೆ ಬರಬೇಕು. ಬೇಕಾದರೆ ಬರೆದುಕೊಡುತ್ತೇನೆ." ಬರೆದುಕೊಟ್ಟರು.

ಬರುವಾಗ ಹುಡುಗ ಬಸ್ಸಿನಲ್ಲಿ ನಿದ್ದೆ ಹೋದ. ನಾನು ಯೋಚಿಸುತ್ತಿದ್ದದ್ದು ಹಾಜರಿಯನ್ನು. ದಿನಾ ಬೆಳಿಗ್ಗೆ ಅವನ ಖಾಲಿ ಜಾಗ ನೋಡಿಕೊಂಡು, ಬಂದಿದ್ದಾನೆ ಎಂದು ನಾನು ದಾಖಲಿಸುತ್ತಿದ್ದೆ. ಏನಾದರೂ ಅನಾಹುತವಾದರೆ, ಆ ಹೊತ್ತಿಗೆ ಅವನು ಎಲ್ಲಿದ್ದನೆಂದು ಯಾರಾದರೂ ಕೇಳಿದರೆ, ನನ್ನ ಪ್ರಕಾರ ಅವನು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತಿದ್ದ. ಮುಖ್ಯೋಪಾಧ್ಯಾಯರು ಹಾಜರಿ ದಾನ ಮಾಡುತ್ತಿರಲಿಲ್ಲ. ಅವನನ್ನು ದೂರವಿಡಲು ಅದು ಅವರು ಕೊಡುತ್ತಿದ್ದ ಬೆಲೆ.

ಮರುದಿನ ಅವನ ಹೆಸರಿನ ಮುಂದೆ ಗೈರು ಎಂದು ಹಾಕಿದೆ. ಅದರ ಮರುದಿನವೂ ಹಾಕಿದೆ. ಮುಖ್ಯೋಪಾಧ್ಯಾಯರ ಕೋಣೆಯಿಂದ ಕರೆ ಬಂತು.

"ಏನ್ ಮಾಡಾಕತ್ತೀರಿ ಮೇಡಂ? ಹಾಜರಿ ಕಡಿಮಿ ಬಿದ್ರ ಹುಡುಗಗ ಪರೀಕ್ಷಾಕ್ಕ ಕೂಡಾಕ ಆಗೂದಿಲ್ಲ. ಅವನ ವರ್ಷಾ ಹಾಳು ಮಾಡ್ತೀರೇನು?"

ಈ ಪ್ರಶ್ನೆಗೆ ನಾನೇ ನಿದ್ದೆಗೆಟ್ಟಿದ್ದೆ. ಅವರು ಹೇಳಿದ್ದು ಸುಳ್ಳಲ್ಲ. ನನ್ನ ಹಟದ ಬೆಲೆಯನ್ನು ತೆರುವವನು ಅವನೇ ಆಗಬಹುದಿತ್ತು. ಆದರೂ ಹೇಳಿದೆ:

"ಅವನ್ನ ಸಾಲಿಗೆ ಕರೀರಿ ಸರ್. ಬಂದ ದಿನ ಹಾಜರಿ ಹಾಕ್ತೇನಿ. ಬರದ ದಿನಾ ನಾ ಹಾಕೂದಿಲ್ಲ. ಡಾಕ್ಟರ್ ಬರದು ಕೊಟ್ಟಾರ, ನೋಡ್ರಿ."

ಅವರು ಚೀಟಿ ಓದಿದರು. ಅದರ ತಲೆಬರಹದಲ್ಲಿದ್ದ 'ಮಾನಸಿಕ' ಎಂಬ ಪದದ ಮೇಲೆ ಅವರ ಬೆರಳು ನಿಂತಿತು. "ಧಾರವಾಡ ತನಕ ಹೋಗಿ ಬಂದ್ರೇನು?" ಎಂದರು. ನಂತರದ ಕೆಲವು ದಿನ ಬಿಸಿಬಿಸಿ ಮಾತು ನಡೆಯಿತು. ಕಾರ್ಯದರ್ಶಿಗಳು ಬಂದರು. ಶಾಲೆಯ ಹೆಸರು, ಫಲಿತಾಂಶ, ಪತ್ರಿಕೆಯವರು ಎಂದೆಲ್ಲ ಹೇಳಿದರು. ನಾನು ಇಲಾಖೆಯ ಮೇಲಿನ ಕಚೇರಿಗೆ ಬರೆಯುತ್ತೇನೆ ಎಂದ ಮೇಲೆ ಒಂದು ಒಪ್ಪಂದಕ್ಕೆ ಬಂದರು. ಶಾಲೆಯ ಹೊಣೆ ಇಲ್ಲವೆಂದು ತಂದೆ ಬರೆದುಕೊಡಬೇಕು. ಶಾಲೆಯ ಆವರಣದಲ್ಲಿ ಹುಡುಗನ ಪೂರ್ತಿ ಜವಾಬ್ದಾರಿ ನನ್ನದೆಂದು ನಾನೂ ಬರೆದುಕೊಡಬೇಕು.

ಇಡೀ ಸ್ಟಾಫ್ ರೂಮಿನಲ್ಲಿ ನನ್ನ ಜೊತೆ ಸಹಿ ಹಾಕುತ್ತೇನೆಂದು ಯಾರೂ ಅನ್ನಲಿಲ್ಲ. ವಿಜ್ಞಾನದ ಮಾಸ್ತರು ಪತ್ರಿಕೆ ಓದುತ್ತಿದ್ದರು. ಆ ವರ್ಷವೇ ಸೇರಿದ್ದ ಇಂಗ್ಲಿಷಿನ ಅತಿಥಿ ಶಿಕ್ಷಕಿ ಮಾತ್ರ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಳು. ವರ್ಷ ವರ್ಷ ಕೆಲಸ ಉಳಿಸಿಕೊಳ್ಳಬೇಕಾದವಳು, ಅವಳೇನು ಮಾಡಿಯಾಳು. ಸಹಿ ಹಾಕಿದೆ. ಮನೆಯಲ್ಲಿ ಹೇಳಿದಾಗ ನನ್ನ ಗಂಡ, "ಅಂವಗ ಏನರ ಆದ್ರ ಜೈಲಿಗೆ ಹೋಗಾಕಿ ನೀನs" ಎಂದು ಊಟದ ತಟ್ಟೆ ಸರಿಸಿ ಎದ್ದರು.

ಹುಡುಗ ಬಂದ. ಬಂದ ದಿನ ಹಿಂದಿನ ಬೆಂಚಿನಿಂದ ಒಬ್ಬ ಬಸ್ ಕಂಡಕ್ಟರನ ಧ್ವನಿಯಲ್ಲಿ "ಧಾರವಾಡ, ಧಾರವಾಡ, ಧಾರವಾಡ" ಎಂದು ಕೂಗಿದ. ತರಗತಿ ನಕ್ಕಿತು. ಕೂಗಿದವನನ್ನು ಹೊರಗೆ ಕರೆದು ಮಾತನಾಡಿದೆ, ತರಗತಿಗೂ ಹೇಳಿದೆ. ಆಮೇಲೆ ನನ್ನೆದುರು ಯಾರೂ ಕೂಗಲಿಲ್ಲ. ಆದರೆ ಅದು ಅವನ ಹೆಸರಾಗಿ ಉಳಿಯಿತು.

ಶಿಕ್ಷಕರ ವಿಷಯ ಇನ್ನೂ ವಿಚಿತ್ರ. ಯಾರೂ ಅವನನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಪ್ರಶ್ನೆ ಕೇಳಲಿಲ್ಲ, ಹೋಮ್ ವರ್ಕ್ ನೋಡಲಿಲ್ಲ. ಹೆಸರು ಕೂಗುವಾಗ ಅವನದನ್ನು ಹಾರಿಸಿ ಮುಂದಿನದಕ್ಕೆ ಹೋಗುತ್ತಿದ್ದರು. ಓಡು ಓಡು ಎನ್ನುತ್ತಿದ್ದ ದೈಹಿಕ ಶಿಕ್ಷಕರು ಈಗ ಅವನು ಮೈದಾನಕ್ಕೆ ಬಂದರೆ, "ನೀ ನೆರಳಾಗ ಕೂಡಪಾ" ಎಂದು ಕಳಿಸುತ್ತಿದ್ದರು. ತಾವು ಮಾತನಾಡಿ ಏನಾದರೂ ಆಗಿಬಿಟ್ಟರೆ ಎಂಬ ಹೆದರಿಕೆ. ಅದಕ್ಕೆ ಅವರು ಕಾಳಜಿ ಎಂದು ಹೆಸರಿಟ್ಟುಕೊಂಡಿದ್ದರು.

ನಾನು ಮಾಡಿದ್ದು ಬಹಳ ಸಣ್ಣ ಕೆಲಸ. ದಿನಾ ಪ್ರಾರ್ಥನೆಗೆ ಮೊದಲು ಅವನ ಹತ್ತಿರ ಹೋಗಿ ರಾತ್ರಿ ಹೇಗಿತ್ತು, ಮಾತ್ರೆ ತೆಗೆದುಕೊಂಡೆಯಾ, ಬೇಡದ ವಿಚಾರ ಬಂತಾ ಎಂದು ಕೇಳುವುದು. ಅವನು ಚಿಕ್ಕ ಉತ್ತರ ಕೊಡುತ್ತಿದ್ದ. ಒಮ್ಮೆ ಮಾತ್ರೆ ತೆಗೆದುಕೊಂಡಿಲ್ಲ ಎಂದ. ಮನೆಗೆ ಹೋಗಿ ವಿಚಾರಿಸಿದೆ. ಮಗ ಮಂಕಾಗಿದ್ದಾನೆಂದು ತಂದೆ ಮಾತ್ರೆಯ ಚೀಲವನ್ನು ಅಟ್ಟದ ಮೇಲೆ ಎಸೆದಿದ್ದರು.

"ಗುಳಿಗಿ ತಿಂದು ತಿಂದು ಹುಡುಗ ಕಟ್ಟಿಗಿ ಆಗ್ಯಾನ್ರಿ ಅಕ್ಕೋರ. ನಾಳೆ ಇವಗ ಯಾರು ಕೆಲಸ ಕೊಡ್ತಾರ?" ಎಂದು ತಂದೆ ಕೇಳಿದರು. ಮಗನ ಮೇಲಿನ ಪ್ರೀತಿಯಿಂದಲೇ ಎಸೆದಿದ್ದರು. ವೈದ್ಯೆಗೆ ಫೋನ್ ಹಚ್ಚಿ ಅವರಿಗೇ ಕೊಟ್ಟೆ. ಬಹಳ ಹೊತ್ತು ಕಿವಿಗೆ ಹಿಡಿದು ಹೂಂ, ಹೂಂ ಎಂದರು. ಕೊನೆಗೆ ಸ್ಟೂಲು ತಂದು ತಾವೇ ಅಟ್ಟಕ್ಕೆ ಕೈ ಹಾಕಿದರು.

ಚಳಿಗಾಲ ಕಳೆಯುವ ಹೊತ್ತಿಗೆ ಅವನು ರೊಟ್ಟಿ ಪೂರ್ತಿ ತಿನ್ನತೊಡಗಿದ. ಮುಂಜಾನೆಯ ಬೇಸರ ಕಡಿಮೆಯಾಗಿದೆ ಎಂದ. ಪರೀಕ್ಷೆ ಬರೆದ. ಪಾಸಾದ. ಗಣಿತದಲ್ಲಿ ಬಂದ ಅಂಕವನ್ನು ಎರಡು ಸಲ ನೋಡಿದೆ. ಆ ಹುಡುಗನಿಗೆ ತಕ್ಕ ಅಂಕವಲ್ಲ ಅದು. ಫಲಿತಾಂಶದ ಸಭೆಯಲ್ಲಿ ಮುಖ್ಯೋಪಾಧ್ಯಾಯರು, ಯಾರೂ ಫೇಲಾಗದ ತರಗತಿ ಎಂದು ಹೆಮ್ಮೆಪಟ್ಟು ನಮ್ಮನ್ನೆಲ್ಲ ಅಭಿನಂದಿಸಿದರು. ಅದೇ ಸಭೆಯಲ್ಲಿ ಮುಂದಿನ ವರ್ಷದ ಹಂಚಿಕೆ ಓದಿದರು. ನನಗೆ ಕ್ಲಾಸ್ ಟೀಚರ್ ಜವಾಬ್ದಾರಿ ಇರಲಿಲ್ಲ. "ನಿಮಗ ಭಾಳ ತ್ರಾಸ ಆತು, ಆರಾಮ ಇರ್ರಿ" ಎಂದರು.

ಅಂಕಪಟ್ಟಿ ಒಯ್ಯಲು ಅವನು ಬರಲಿಲ್ಲ, ತಾಯಿ ಬಂದರು. ಹುಡುಗ ಐ.ಟಿ.ಐ.ಗೆ ಸೇರಿದ್ದಾನೆ, ಎಲೆಕ್ಟ್ರಿಷಿಯನ್ ಕಲಿಯುತ್ತಿದ್ದಾನೆ ಎಂದರು. ಮಾತ್ರೆಗೆ ತಿಂಗಳು ತಿಂಗಳು ತಂದೆಯೇ ಕರೆದುಕೊಂಡು ಹೋಗುತ್ತಾರಂತೆ. ಒಮ್ಮೆ ಬಸ್ ನಿಲ್ದಾಣದಲ್ಲಿ ಅವನನ್ನು ಕಂಡೆ. ಸ್ನೇಹಿತರ ನಡುವೆ ನಗುತ್ತ ನಿಂತಿದ್ದ. ನನ್ನನ್ನು ನೋಡಿದ ತಕ್ಷಣ ಅವನ ನಗು ನಿಂತು, ಮುಖ ತಿರುಗಿತು. ನಾನು ಕೂಗಲಿಲ್ಲ. ಅವನು ಮರೆಯಬೇಕಾದ ದಿನಗಳನ್ನೆಲ್ಲ ಕಂಡವಳು ನಾನು. ಅದು ಅರ್ಥವಾಗುತ್ತದೆ. ಅರ್ಥವಾದರೂ ಆ ಸಂಜೆ ಮನೆಗೆ ನಡೆದು ಹೋಗುವುದು ಕಷ್ಟವಾಯಿತು.

ಇಷ್ಟಕ್ಕೆ ಇದು ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಈ ವರ್ಷ ಮಳೆಗಾಲದಲ್ಲಿ ಒಂದು ದಿನ ಆ ಅತಿಥಿ ಶಿಕ್ಷಕಿ ಗ್ರಂಥಾಲಯದ ಕೋಣೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದಳು. ಅವಳಿಗೆ ಈಗ ಒಂಬತ್ತನೇ ತರಗತಿಯ ಕ್ಲಾಸ್ ಟೀಚರ್ ಕೆಲಸ ಕೊಟ್ಟಿದ್ದಾರೆ.

"ಮೇಡಂ, ನನ್ನ ಕ್ಲಾಸಿನಾಗ ಒಂದು ಹುಡುಗಿ ಐತ್ರಿ. ತಿಂಗಳಾತು, ಯಾರ ಸಂಗಾಟನೂ ಮಾತಾಡೂದಿಲ್ಲ. ಅಂಗಿ ತೋಳು ಮುಂಗೈ ತನಕ ಎಳಕೊಂಡು ಕುಂದರ್ತಾಳ, ಎಷ್ಟು ಸೆಕಿ ಇದ್ರೂ."

"ಕೇಳಿದೆಯೇನು ಅಕೀನ್ನ?"

ಅವಳು ತಲೆ ಅಲ್ಲಾಡಿಸಿದಳು.

"ತಿಂಗಳಿಂದ ನೋಡಾಕತ್ತೀ, ಯಾಕ ಕೇಳಲಿಲ್ಲ?"

"ಹೆಂಗ ಕೇಳಬೇಕು ಅಂತ ಗೊತ್ತೈತ್ರಿ. ನನಗೂ ತರಬೇತಿ ಆತಲ್ರಿ ಈ ಸಲ." ಅವಳು ಬಾಗಿಲ ಕಡೆ ನೋಡಿ ದನಿ ಇಳಿಸಿದಳು. "ಕೇಳಿದ್ರ ಅಕಿ ಹೇಳ್ತಾಳ. ಹೇಳಿದ ಮ್ಯಾಲೆ ನನ್ನ ಕೊರಳಿಗೆ ಬರ್ತೈತಿ. ನಿಮಗ ಏನಾತು ಅಂತ ಎಲ್ಲಾರೂ ನೋಡೇವಲ್ರಿ ಮೇಡಂ. ಅದಕ್ಕ ಯಾರೂ ಕೇಳವಲ್ರು. ಅಕೀನ್ನ ಕಂಡಾಕಿ ನಾ ಒಬ್ಬಾಕಿನs ಅಲ್ಲ."

ನಾನು ಅಷ್ಟೆಲ್ಲ ಓಡಾಡಿದ್ದರಿಂದ ನನ್ನ ಶಾಲೆ ಕಲಿತ ಪಾಠ ಇದು. ಯಾರಿಗೂ ಕಾಣದೆ ಇಲ್ಲ. ಎಲ್ಲರಿಗೂ ಕಾಣುತ್ತದೆ, ಕೇಳಬಾರದೆಂಬುದೂ ಗೊತ್ತಿದೆ.

ಹೊರಗೆ ಊಟದ ಗಂಟೆ ಹೊಡೆಯಿತು. ವರಾಂಡದಲ್ಲಿ ಮಕ್ಕಳು ತಟ್ಟೆ ಹಿಡಿದು ಓಡುವ ಸದ್ದು. ಕೈಯಲ್ಲಿದ್ದ ಪುಸ್ತಕಗಳನ್ನು ಮೇಜಿನ ಮೇಲಿಟ್ಟೆ.

"ಎಲ್ಲಿ ಕುಂದರ್ತಾಳ ಅಕಿ?" ಎಂದು ಕೇಳಿದೆ. "ಬಾ, ತೋರಿಸು. ನೀ ಬಾಗಿಲದಾಗ ನಿಂದರು, ಸಾಕು. ನಾ ಕೇಳ್ತೇನಿ."